ಪಾಸಾವ್‌ನಿಂದ ವಿಯೆನ್ನಾಗೆ ಟ್ರೈಕ್ ಸವಾರಿ: ಹೊರಡುವ ಮುಂಚೆ ಟೇಪು ಹಿಡಿಯಿರಿ

ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಸೈಕಲ್ ದಾರಿ ಇದೆ. ಸುಮಾರು 320 ಕಿ.ಮೀ., ಹೆಚ್ಚುಕಮ್ಮಿ ಸಮತಟ್ಟು. ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ರಿಕಂಬೆಂಟ್ ಟ್ರೈಕಿಗೆ ಹೇಳಿ ಮಾಡಿಸಿದ ದಾರಿ. ನಾನು, ನಮ್ಮ ಯಜಮಾನರು ಆರು ದಿನದಲ್ಲಿ ಮುಗಿಸಿದೆವು. ಅದರಲ್ಲಿ ಅರ್ಧ ದಿನ ಟೈರಿನ ತಲೆನೋವಿಗೇ ಹೋಯಿತು.

ನನ್ನ ಟ್ರೈಕಿಗೆ ಮುಂದೆ ಎರಡು ಚಕ್ರ, ಹಿಂದೆ ಒಂದು. ಮೊದಲ ದಿನವೇ ತುಳಿಯೋಕೆ ಭಾರ ಅನಿಸಿತು. ವಯಸ್ಸಾಯ್ತು ಅಂದುಕೊಂಡು ಸುಮ್ಮನಾದೆ. ಶ್ಲೋಗನ್ ಹತ್ತಿರ ನದಿ ಬಂದ ದಿಕ್ಕಿಗೇ ಹೊರಳಿ ಹೋಗುತ್ತದೆ. ಅದನ್ನು ನೋಡುವ ಸಂಭ್ರಮದಲ್ಲಿ ಟೈರಿನ ಸರಸರ ಸದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಲಿನ್ಜ್ ತಲುಪಿದ ಮೇಲೆ ಟೈರು ಮುಟ್ಟಿ ನೋಡಿದೆ. ಒಂದು ಕಡೆಗೆ ಸವರಿದರೆ ನುಣ್ಣಗೆ, ವಾಪಸ್ ಸವರಿದರೆ ತುರಿಮಣೆ!

ನಾನು ಸೀಟಿನಲ್ಲಿ ಕೂತೆ, ಅವರು ಟೇಪು ಹಿಡಿದರು. ಆಕ್ಸಲ್ ಎತ್ತರದಲ್ಲಿ ಮುಂದಿನ ಎರಡು ಚಕ್ರಗಳ ರಿಮ್‌ಗಳ ನಡುವಿನ ಅಂತರವನ್ನು ಅದೇ ಚಕ್ರಗಳ ಮುಂಬದಿಯಲ್ಲೊಮ್ಮೆ, ಹಿಂಬದಿಯಲ್ಲೊಮ್ಮೆ ಅಳೆಯಬೇಕು. "ಮುಂದುಗಡೆ 9 ಮಿ.ಮೀ. ಜಾಸ್ತಿ ಇದೆ ಕಣೇ" ಅಂದರು. ಅಂದರೆ ಚಕ್ರಗಳು ನೇರವಾಗಿಲ್ಲ, ಮುಂದಕ್ಕೆ ಅಗಲಿಸಿಕೊಂಡಿವೆ; ಒಂದು ಕಿ.ಮೀ. ಹೋದರೆ ಎರಡೂ ಟೈರು ಸೇರಿ ಹತ್ತಿರ ಹತ್ತಿರ 20 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ. ಸವೆಯದೆ ಇನ್ನೇನಾಗುತ್ತೆ?

ಕಾರಣ ಸಣ್ಣದು. ಹೊರಡುವ ಮುಂಚೆ ಸರ್ವಿಸ್ ಮಾಡಿದವರು ಟೈ ರಾಡಿನ (ಮುಂದಿನ ಚಕ್ರಗಳ ದಿಕ್ಕು ಹಿಡಿದಿಡುವ ಸರಳು) ಲಾಕ್ ನಟ್, ಅಂದರೆ ಅದು ತಾನಾಗಿ ತಿರುಗದಂತೆ ತಡೆಯುವ ನಟ್, ಬಿಗಿ ಮಾಡಿರಲಿಲ್ಲ. ನನ್ನದರಲ್ಲಿ ರಾಡಿನ ಒಂದು ತುದಿಯ ತಿರುಪು ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಇನ್ನೊಂದರದ್ದು ಎಡಕ್ಕೆ. ಹಾಗಾಗಿ ರಾಡನ್ನು ತಿರುಗಿಸಿದರೆ ಸಾಕು, ಅದರ ಉದ್ದ ಬದಲಾಗುತ್ತದೆ. ಮುಂದಿನ ಅಂತರ ಹಿಂದಿನದಕ್ಕಿಂತ 1 ಮಿ.ಮೀ. ಕಮ್ಮಿ ಬರುವಂತೆ ಮಾಡಿ ನಟ್ ಬಿಗಿದೆವು. ಎರಡು ರಾಡ್ ಇರುವ ಟ್ರೈಕಾದರೆ ಎರಡನ್ನೂ ಒಂದೇ ಸಮ ತಿರುಗಿಸಿ, ಇಲ್ಲದಿದ್ದರೆ ಹ್ಯಾಂಡಲ್ ಸೊಟ್ಟ ನಿಲ್ಲುತ್ತದೆ. ಖಾಲಿ ಸೀಟಿನಲ್ಲಿ ಮಾತ್ರ ಅಳೆಯಬೇಡಿ. ಭಾರ ಬಿದ್ದರೆ ಫ್ರೇಮ್ ಬಾಗುತ್ತದೆ, ಲೆಕ್ಕ ತಪ್ಪುತ್ತದೆ.

ಒಂದು ಟೇಪು, ನಟ್ಟಿಗೆ ಸರಿಹೋಗುವ ಸ್ಪ್ಯಾನರ್, ಒಂದು ಹೆಚ್ಚುವರಿ ಟೈರು ಬ್ಯಾಗಿನಲ್ಲಿರಲಿ. ನಾವು ಟೈರು ಒಯ್ದಿರಲಿಲ್ಲ, ಎರಡೂ ಅಲ್ಲೇ ಕೊಳ್ಳಬೇಕಾಯ್ತು. ಅಂಗಡಿಯಲ್ಲಿ ಸುಮ್ನೆ 20 ಇಂಚು ಅಂತ ಕೇಳಬೇಡಿ, ಟೈರಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ವ್ಯಾಸದ ಸಂಖ್ಯೆ ಹೇಳಿ; ನಮ್ಮದು 406. 451ರ ಟೈರನ್ನೂ 20 ಇಂಚು ಅಂತಲೇ ಕರೀತಾರೆ. ಅದನ್ನು ತಂದು, ವಾಪಸ್ ಕೊಟ್ಟು, ಮತ್ತೆ ತಂದಿದ್ದಕ್ಕೇ ಆ ಅರ್ಧ ದಿನ ಹೋಗಿದ್ದು.