ಉಚಿಮುರನನ್ನು ನುಂಗಿದ ಹೊಲಿಗೆ

ನಾನೇ ಕೈಯಲ್ಲಿ ಹೊಲಿದ ಪುಸ್ತಕದ ನಾಲ್ಕನೇ ಪ್ರತಿ ಕೊನೆಗೂ ಮಾತು ಕೇಳಿತು. ನಡುಪುಟ ಬಿಡಿಸಿ ಮೇಜಿನ ಮೇಲಿಟ್ಟು, ಕಾಫಿ ಕುಡಿದು ಬಂದೆ. ಬಿಟ್ಟುಹೋದ ಹಾಗೇ ಇತ್ತು. ಮೊದಲ ಮೂರು ಪ್ರತಿಗಳು ಕೈ ತೆಗೆದ ಕೂಡಲೇ ಇಲಿಬೋನಿನ ಹಾಗೆ ಪಟ್ಟಂತ ಮುಚ್ಚಿಕೊಳ್ಳುತ್ತಿದ್ದವು.

ದೊಡ್ಡಪ್ಪ ರಿಟೈರಾದ ಮೇಲೆ ಬರೆದ ಮೆರಿಮನ್ ಹ್ಯಾರಿಸ್ ಜೀವನಕಥೆ ಇದು. 1846ರಲ್ಲಿ ಅಮೆರಿಕದ ಓಹಿಯೋದಲ್ಲಿ ಹುಟ್ಟಿದ ಮೆಥಡಿಸ್ಟ್ ಪಾದ್ರಿ. ಅಂತರ್ಯುದ್ಧದಲ್ಲಿ ಕುದುರೆ ಏರಿ ಕಾದಾಡಿ, ಆಮೇಲೆ ಕಾಲೇಜು ಮುಗಿಸಿ, ಹೊಸ ಹೆಂಡತಿ ಫ್ಲೋರಾ ಜೊತೆ ಜಪಾನಿನ ಹಾಕೊದಾತೆಗೆ ಬಂದಿಳಿದವನು. 48 ಪುಟದ ಬರಹ. ಜಪಾನಿಗಳ ನಡುವೆ ಬದುಕಿದವನ ಕಥೆಗೆ ಜಪಾನಿ ಹೊಲಿಗೆಯೇ ಇರಲಿ ಅಂದವನು ನಾನು. ಒಂದೇ ಮಗ್ಗುಲಿಗೆ ಅಚ್ಚು, ಮಡಿಕೆ ಹೊರಗಡೆ, ಬೆನ್ನಿಗೆ ನಾಲ್ಕು ತೂತು. ಆ ತೂತುಗಳಲ್ಲಿ ದಾರ ಓಡಿಸಿ ಬಿಗಿದರೆ ಪುಸ್ತಕ.

ತೊಂದರೆ ಬಯಲಾದದ್ದು 18ನೇ ಪುಟದಲ್ಲಿ. ಸಪ್ಪೊರೊ ಕೃಷಿ ಕಾಲೇಜಿನ ಅಧ್ಯಾಯ ಅದು. ಅಲ್ಲಿನ ಹುಡುಗರಿಂದ ಕ್ರಿಸ್ತನನ್ನು ನಂಬಿ ನಡೆಯುವ ಒಪ್ಪಂದಕ್ಕೆ ಸಹಿ ಹಾಕಿಸಿದ ಅಮೆರಿಕದ ಮೇಷ್ಟ್ರು ಕ್ಲಾರ್ಕ್ 1877ರಲ್ಲೇ ಅಮೆರಿಕಕ್ಕೆ ವಾಪಸ್. ಸಹಿ ಆಗಿದೆ, ದೀಕ್ಷಾಸ್ನಾನ ಮಾಡಿಸುವವರಿಲ್ಲ. ಹಾಗಾಗಿ ಹಾಕೊದಾತೆಯಿಂದ ಹ್ಯಾರಿಸ್ ಹೋಗಬೇಕಾಯಿತು. 1878ರ ಜೂನ್ 2ರಂದು ದೀಕ್ಷಾಸ್ನಾನ ಪಡೆದವರಲ್ಲಿ ಇನಾಜೊ ನಿತೋಬೆ, ಕಾಂಜೊ ಉಚಿ... ಅಷ್ಟೇ. “ಮುರ” ಬೆನ್ನಿನ ಸಂದಿಯೊಳಗೆ ಹೋಗಿತ್ತು. ಮುಂದೆ ಚರ್ಚೇ ಬೇಡವೆನ್ನುವ ಪಂಥ ಕಟ್ಟಿದವನು, ನನ್ನ ಪುಸ್ತಕದಲ್ಲೂ ಮೆಥಡಿಸ್ಟರ ಸಾಲಿನಿಂದ ಅರ್ಧ ತಪ್ಪಿಸಿಕೊಂಡಿದ್ದ. ನಿತೋಬೆ ಮಾತ್ರ ಭದ್ರ. ಒಂದು ಕಾಲಕ್ಕೆ 5000 ಯೆನ್ ನೋಟಿನ ಮೇಲೆ ಕೂತಿದ್ದ ಮನುಷ್ಯ, ಸುಲಭಕ್ಕೆ ಜಾಗ ಬಿಡುತ್ತಾನೆಯೇ?

ಮೊದಲು ಬೈದದ್ದು ತೂತುಗಳನ್ನು. ಬೆನ್ನಿನ ತುದಿಯಿಂದ 12 ಮಿಲಿಮೀಟರ್ ದೂರದಲ್ಲಿದ್ದವನ್ನು 7ಕ್ಕೆ ಸರಿಸಿದೆ. ಮೂಲೆಯ ತೂತಿನಲ್ಲಿ ದಾರ ಬಿಗಿದೊಡನೆ ಹಾಳೆ ಹರಿಯಿತು. ಎರಡನೇ ಸಲ ಬೆನ್ನ ಕಡೆ ಅಚ್ಚಿಲ್ಲದ ಒಳ ಅಂಚನ್ನು 28 ಮಿಲಿಮೀಟರಿಗೆ ಹಿಗ್ಗಿಸಿದೆ. ಉಚಿಮುರ ಪೂರ್ತಿ ಹೊರಬಂದ, ಪುಸ್ತಕ ಮುಚ್ಚಿಕೊಳ್ಳುವುದು ನಿಲ್ಲಲಿಲ್ಲ. ಮೂರನೇ ಸಲ ದಾರ ಸಡಿಲ ಬಿಟ್ಟೆ. ಹಾಳೆಗಳು ಹಳೇ ಮಂಚದ ಕಾಲಿನ ಹಾಗೆ ಅಲುಗಾಡಿದವು. ದೊಡ್ಡಪ್ಪ ಬಂದು ಎರಡು ಪುಟ ತಿರುಗಿಸಿ, “ಏನೋ ಇದು, ಅವನು ಬಿಷಪ್ ಆಗೋಕೆ ಮುಂಚೇನೇ ಮುಚ್ಕೊಂಡ್ಬಿಡುತ್ತಲ್ಲ!” ಅಂದರು. ಬಿಷಪ್ ಆಗುವುದು 1904ರಲ್ಲಿ, 37ನೇ ಪುಟ.

ಆ ರಾತ್ರಿ ಸಿಟ್ಟಿಗೆ ಒಂದು ಹಾಳೆಯ ಮೂಲೆಗೆ ನೀರು ಚಿಮುಕಿಸಿದೆ. ಸುರುಳಿ ಅಡ್ಡಡ್ಡ ಎದ್ದಿತು. ಗ್ರೇನ್, ಅಂದರೆ ಕಾಗದದ ನಾರು ಓಡುವ ದಿಕ್ಕು, ತಿರುಗುಮುರುಗು! ಬೆನ್ನಿನುದ್ದಕ್ಕೆ ಇರಬೇಕಾದದ್ದು ಅಡ್ಡಕ್ಕಿತ್ತು, ಅದಕ್ಕೇ ಹಾಳೆ ಬಾಗದೆ ಮುಚ್ಚಿಕೊಳ್ಳುತ್ತಿತ್ತು. ಹತ್ತು ವರ್ಷದಿಂದ ರಟ್ಟು ಕತ್ತರಿಸುವವನು ಮೊದಲ ದಿನವೇ ಹರಿದು ನೋಡಬೇಕಿತ್ತು, ನೋಡಲಿಲ್ಲ. ಏಕೆಂದರೆ ಅಂಗಡಿಯವನಿಗೆ ಮೂರು ಸಲ ಹೇಳಿದ್ದೆ: ಎ3ಯಲ್ಲಿ ಗ್ರೇನ್ ಉದ್ದಕ್ಕಿರಬೇಕು, ಅಡ್ಡ ಕತ್ತರಿಸಿದರೆ ನನಗೆ ಬೇಕಾದ ಎ4 ಸಿಗುತ್ತದೆ ಅಂತ. ಬಂಡಲ್ ಮೇಲೆ ಹಾಗೇ ಬರೆದೂ ಇತ್ತು. ಫೋನ್ ಮಾಡಿದರೆ, “ಪೇಪರಲ್ಲಿ ಉದ್ದ ಅಡ್ಡ ಎಲ್ಲಾ ಒಂದೇ ಸಾರ್, ಪ್ರಿಂಟ್ ಚೆನ್ನಾಗ್ ಬರುತ್ತಲ್ವಾ?” ಬರುತ್ತೆ ಮಾರಾಯ, ಓದೋಕೆ ಬಿಡಲ್ಲ ಅಷ್ಟೇ. ಬೇರೆ ಕಡೆಯಿಂದ 70 ಜಿಎಸ್ಎಂ ಕಾಗದ ತರಿಸಿ, ಈ ಸಲ ಹರಿದು ನೋಡಿಯೇ ಕತ್ತರಿಸಿದೆ. ತೂತು 10 ಮಿಲಿಮೀಟರಿಗೆ, ಅಂಚು 24ಕ್ಕೆ. ಅಷ್ಟೇ ಸಾಕಾಯಿತು.

ಈ ಗೋಳಿನ ನಡುವೆ ಮನಸ್ಸು ಫ್ಲೋರಾ ಕಡೆ ಜಾರಿದೆ. ಆಕೆ ‘ತೋಸಾ ದಿನಚರಿ’ಯನ್ನು ಇಂಗ್ಲಿಷಿಗೆ ತಂದವಳು, ಅಚ್ಚಾದದ್ದು 1891ರಲ್ಲಿ. ಹತ್ತನೇ ಶತಮಾನದಲ್ಲಿ ತ್ಸುರಾಯುಕಿ ಎಂಬ ಅಧಿಕಾರಿ ಹೆಣ್ಣಿನ ದನಿಯಲ್ಲಿ ಬರೆದ ದೋಣಿ ಪ್ರಯಾಣದ ಕಥೆ. ಇದಕ್ಕೆ ಹೊಲಿಗೆಯೇ ಬೇಡ, ನಮ್ಮ ಹಳೇ ಕಾಲದ ಬಟ್ಟೆ ಕಡತದ ಹಾಗೆ ಮಡಿಕೆ ಮಡಿಕೆಯಾಗಿ ಇರಬೇಕು. ಎಳೆದಂತೆಲ್ಲ ಸಮುದ್ರ ಬಿಚ್ಚಿಕೊಳ್ಳಬೇಕು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿಯುವ ಹಳೇ ವಿಧಾನವನ್ನೇ ಹಿಡಿಯುವ ಆಸೆ. ಬೀಜ ಹುರಿಯೋಕೆ ಬಾಣಲೆ ಕೇಳಿದ್ದಕ್ಕೆ ದೊಡ್ಡಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.

ಸದ್ಯಕ್ಕೆ ನಾಲ್ಕನೇ ಪ್ರತಿ ರುಬ್ಬುಗುಂಡಿನ ಕೆಳಗಿದೆ. ಕೊನೆಯ ಪುಟದಲ್ಲಿ ಟೋಕಿಯೋದ ಅಒಯಾಮ ಸ್ಮಶಾನ: 1909ರಲ್ಲಿ ಫ್ಲೋರಾ, 1921ರಲ್ಲಿ ಹ್ಯಾರಿಸ್. ಆ ಪುಟಕ್ಕೆ ದೊಡ್ಡಪ್ಪ ಇನ್ನೂ ಎರಡು ಸಾಲು ಸೇರಿಸಬೇಕಂತೆ. ಹೊಲಿದಾಯ್ತು ದೊಡ್ಡಪ್ಪ ಅಂದೆ. “ಬಿಚ್ಚೋ” ಅಂದರು.