ಯಾರೂ ಜಾಂಬಿ ಅನ್ನೋದಿಲ್ಲ

ಇವತ್ತು ದಿ ವಾಕಿಂಗ್ ಡೆಡ್ ಅನ್ನೋ ಜಾಂಬಿ ಸರಣಿಯ, ಅಂದ್ರೆ ಸತ್ತವರು ಎದ್ದು ಬಂದು ಬದುಕಿರೋರನ್ನ ತಿನ್ನೋ ಕಥೆಯ, ಮೊದಲ ಎಪಿಸೋಡ್ ಮತ್ತೆ ನೋಡಿದೆ.

ಮಾರ್ಗನ್ ಅನ್ನೋನ ಸತ್ತ ಹೆಂಡತಿ ರಾತ್ರಿ ಮನೆ ಮುಂದೆ ಬರುತ್ತಾಳೆ. ಬಾಗಿಲ ಹಿಡಿ ಮೆಲ್ಲಗೆ ತಿರುಗುತ್ತದೆ. ಒಳಗೆ ಮಗ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಾನೆ. ಮರುದಿನ ಅಪ್ಪ ಮಾರ್ಗನ್ ಕಿಟಕಿಯಿಂದ ಅವಳಿಗೇ ಗುರಿ ಇಡುತ್ತಾನೆ. ಗುಂಡು ಹಾರಿಸೋಕೆ ಮನಸ್ಸು ಬರೋದೇ ಇಲ್ಲ.

ಅವನ ಬಾಯಲ್ಲಿ ಜಾಂಬಿ ಅನ್ನೋ ಪದ ಇಲ್ಲ. 'ವಾಕರ್ಸ್', ಅಷ್ಟೇ.

ಈ ಕಥೆಯ ಜಗತ್ತಿನಲ್ಲಿ ಜಾಂಬಿ ಸಿನಿಮಾಗಳೇ ಬಂದಿಲ್ಲ ಅಂತ ಇದರ ಮೂಲ ಕಾಮಿಕ್ಸ್ ಬರೆದ ರಾಬರ್ಟ್ ಕರ್ಕ್‌ಮನ್ ಹೇಳಿದ್ದಾರೆ. ಸರಿನೇ. ಸಿನಿಮಾ ನೋಡಿದ್ದರೆ ಅವನ್ನ ಸಾಯಿಸೋಕೆ ತಲೆಗೇ ಹೊಡೀಬೇಕು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಇವರು ಪೆಟ್ಟು ತಿಂದೇ ಕಲಿಯಬೇಕು. ಅದಕ್ಕೇ ಗುಂಪಿಗೊಂದು ಹೆಸರು. ಅಟ್ಲಾಂಟಾದಲ್ಲಿ ಗೀಕ್ಸ್, ಸರಣಿಯಲ್ಲಿ ಬರೋ ವುಡ್‌ಬರಿ ಊರಲ್ಲಿ ಬೈಟರ್ಸ್. 1968ರ ಜಾಂಬಿ ಸಿನಿಮಾ ನೈಟ್ ಆಫ್ ದಿ ಲಿವಿಂಗ್ ಡೆಡ್‌ನಲ್ಲೂ ಅವು 'ಗೂಲ್'ಗಳು, ಅಂದ್ರೆ ಹೆಣ ತಿನ್ನೋ ಪಿಶಾಚಿಗಳು.

ನನಗೆ ಮಾತ್ರ ಇನ್ನೊಂದು ಕಾರಣ ಜಾಸ್ತಿ ನಿಜ ಅನ್ನಿಸುತ್ತದೆ. ಜಾಂಬಿ ಅಂದ ಕೂಡಲೇ ಅದು ಬೇರೆ ಯಾವುದೋ ಪ್ರಾಣಿ ಆಗಿಬಿಡುತ್ತದೆ, ಕೊಲ್ಲೋದು ಸಲೀಸು. ಮನೆಯವರನ್ನೇ ಹಾಗೆ ಕರೆಯೋಕೆ ನಾಲಿಗೆ ಹೊರಳುತ್ತಾ?

ಪಾತ್ರಗಳು ಧೈರ್ಯವಾಗಿ ಜಾಂಬಿ ಅಂತಲೇ ಕರೆಯೋ ಒಳ್ಳೆ ಸರಣಿ ಇದ್ದರೆ ಹೇಳಿ, ಖಂಡಿತ ನೋಡುತ್ತೇನೆ.