ನಮ್ಮ 101ರಲ್ಲೂ ಇಲಿ ಇದಾವೆ

ದಾವಣಗೆರೆ ಊರಾಚೆ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿನಲ್ಲಿ ನನ್ನ ಅಕ್ಕನ ಮಗಳು ಓದುತ್ತಿದ್ದಾಳೆ. ಸೆಕೆಂಡ್ ಪಿಯು, ಸೈನ್ಸ್. ಮನೆಯವರನ್ನು ಒಳಗೆ ಬಿಡುವುದು ತಿಂಗಳಿಗೊಂದು ಭಾನುವಾರ ಮಾತ್ರ. ಆ ಸಲ ಅಕ್ಕ-ಭಾವ ಮದುವೆಯೊಂದಕ್ಕೆ ಹೋಗಬೇಕಿತ್ತು, ಹಾಗಾಗಿ ನಾನು ಹೊರಟೆ. ಚೀಲದಲ್ಲಿ ಚಕ್ಕುಲಿ, ಕೊಬ್ಬರಿ ಎಣ್ಣೆ, ಜೊತೆಗೆ ಅವಳೇ ಕೇಳಿದ್ದ ಜಾರ್ಜ್ ಆರ್ವೆಲ್‌ನ ‘1984’. ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಾಗ ಅರ್ಧ ಓದಿ ಬಿಟ್ಟಿದ್ದಳು.

ಗೇಟಿನಲ್ಲಿ ಚೀಲ ಬಿಚ್ಚಿ ನೋಡುತ್ತಾರೆ. ವಾರ್ಡನ್ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, “ಇದೇನ್ರಿ ಮೇಡಂ, 1984ರ ಕ್ವೆಶ್ಚನ್ ಪೇಪರ್ರಾ?” ಅಂದರು. ಕಾದಂಬರಿ ಅಂದೆ. “ನೀಟ್‌ಗೆ ಬರಲ್ವಲ್ಲ” ಅಂತ ಮೇಜಿನ ಮೇಲೆ ಇಟ್ಟುಕೊಂಡರು. ಚಕ್ಕುಲಿಗೆ ತಕರಾರು ಇರಲಿಲ್ಲ.

ಸಾಲಿನಲ್ಲಿ ನನ್ನ ಹಿಂದಿದ್ದ ಅಜ್ಜ ವಾರ್ಡನ್ ಪರ. “ಬಿಗಿ ಇರ್ಬೇಕವ್ವ. ಎಮರ್ಜೆನ್ಸಿಯಾಗ ನೋಡ್ಬೇಕಿತ್ತು, ಆಫೀಸಲ್ಲಿ ಎಲ್ರೂ ಟೈಮಿಗೆ ಸರಿಯಾಗಿ ಕೂತಿರ್ತಿದ್ರು” ಅಂದರು. ಈ ಮಾತನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಪ್ರತಿ ಸಲ ನನಗೆ ನೆನಪಾಗುವುದು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಸಿನಿಮಾದ ಚಂದ್ರಿ. ಅದೇ ಎಮರ್ಜೆನ್ಸಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟಿದ್ದರು. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಜ್ಜನಿಗೆ ಇದನ್ನು ಹೇಳಿದೆ. ಅವರು “ಹೌದಾ” ಅಂದು, ಮೊಮ್ಮಗನ ಬೆಡ್‌ಶೀಟ್ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು.

ಬೇವಿನ ಮರದ ಕೆಳಗೆ ಕಲ್ಲುಬೆಂಚು. ಎದುರಿನ ಕಂಬದಲ್ಲಿ ಕ್ಯಾಮೆರಾ. ಅಕ್ಕನ ಮಗಳು ಬಂದವಳೇ ಪುಸ್ತಕ ಎಲ್ಲಿ ಅಂತ ಕೇಳಿದಳು. ಆಗಿದ್ದು ಹೇಳಿದೆ. “ಹಂಗಾದ್ರೆ ಬಾಯಲ್ಲೇ ಹೇಳು ಚಿಕ್ಕಮ್ಮ, ಕೊನೆಗೆ ಏನಾಗುತ್ತೆ?” ಅಂದಳು. ಅವಳ ರೂಮಿನ ಹುಡುಗಿಯರೂ ಬಂದರು. ಇಬ್ಬರ ಮನೆಯವರು ಬಂದಿರಲಿಲ್ಲ. ಚಕ್ಕುಲಿ ಡಬ್ಬ ತೆರೆದು ನಡುವೆ ಇಟ್ಟೆ. ಅವರಿಗೂ ಗೊತ್ತಾಗಲಿ ಅಂತ ಮೊದಲಿಂದಲೇ ಶುರು ಮಾಡಿದೆ.

ವಿನ್‌ಸ್ಟನ್ ಸ್ಮಿತ್ ಅನ್ನುವ ಗುಮಾಸ್ತ. ಹಳೇ ಪತ್ರಿಕೆಗಳನ್ನು ಪಾರ್ಟಿಗೆ ಬೇಕಾದಂತೆ ತಿದ್ದುವುದೇ ಅವನ ಕೆಲಸ. ಮನೆಯಲ್ಲಿ ಟೆಲಿಸ್ಕ್ರೀನ್, ಆಫೀಸಿನಲ್ಲಿ ಟೆಲಿಸ್ಕ್ರೀನ್, ಅಂದರೆ ನೋಡುವವರನ್ನೇ ತಿರುಗಿ ನೋಡುವ ಪರದೆ. ಎಲ್ಲೆಲ್ಲೂ ಪಾರ್ಟಿಯ ನಾಯಕ ದೊಡ್ಡಣ್ಣನ (ಬಿಗ್ ಬ್ರದರ್) ಮುಖ. ಚಾಕೊಲೇಟ್ ರೇಷನ್ ವಾರಕ್ಕೆ 30 ಗ್ರಾಂ ಇದ್ದದ್ದು 20ಕ್ಕೆ ಇಳಿಯುತ್ತದೆ ಅಂತ ಒಂದು ದಿನ ಹೇಳುತ್ತಾರೆ. ಮರುದಿನವೇ ಸುದ್ದಿ: 20 ಗ್ರಾಂಗೆ ಏರಿಸಿದ್ದಕ್ಕೆ ಜನ ಮೆರವಣಿಗೆ ಮಾಡಿ ದೊಡ್ಡಣ್ಣನಿಗೆ ಧನ್ಯವಾದ ಹೇಳಿದರಂತೆ! ಮೆಸ್ ಊಟ ಉಣ್ಣುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ವಿನ್‌ಸ್ಟನ್‌ನ ಪ್ರೇಯಸಿ ಜೂಲಿಯಾ ಬಂದಾಗ ಕಿವಿ ಇನ್ನಷ್ಟು ಚುರುಕಾದವು. ಅಂಗಡಿ ಮೇಲಿನ ಬಾಡಿಗೆ ಕೋಣೆಯಲ್ಲಿ, ಗೋಡೆಯ ಚಿತ್ರದ ಹಿಂದೆಯೇ ಟೆಲಿಸ್ಕ್ರೀನ್ ಇತ್ತು ಅಂದಾಗ ಒಬ್ಬಳು ಕಂಬದ ಕಡೆ ನೋಡಿದಳು. ಸಿಕ್ಕಿಬಿದ್ದ ಮೇಲೆ ಕೊನೆಗೆ ಚಿತ್ರಹಿಂಸೆಯ ಕೊಠಡಿ 101. ಯಾರಿಗೆ ಯಾವುದರ ಭಯ ಜಾಸ್ತಿಯೋ ಅದೇ ಅಲ್ಲಿರುತ್ತದೆ. ವಿನ್‌ಸ್ಟನ್‌ಗೆ ಇಲಿ. ಜಗಳೂರು ಕಡೆಯ ಹುಡುಗಿ ತಟಕ್ಕನೆ, “ಆಂಟಿ, ನಮ್ಮ ಹಾಸ್ಟೆಲ್‌ನಲ್ಲಿ 101 ಅಂದ್ರೆ ಸ್ಟೋರ್ ರೂಮು. ಅಲ್ಲೂ ಇಲಿ ಇದಾವೆ” ಅಂದಳು. ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ನನಗೆ ಆ ಕಾದಂಬರಿಯಲ್ಲಿ ವಿನ್‌ಸ್ಟನ್‌ಗಿಂತ ಜಾಸ್ತಿ ಕಾಡುವವನು ಅವನ ನೆರೆಮನೆಯ ಪಾರ್ಸನ್ಸ್. ಪೆದ್ದು, ವಿಧೇಯ, ಪಾರ್ಟಿಯ ಕೆಲಸಕ್ಕೆ ಸದಾ ಮುಂದು. ಒಂದು ರಾತ್ರಿ ನಿದ್ದೆಯಲ್ಲಿ ‘ದೊಡ್ಡಣ್ಣನಿಗೆ ಧಿಕ್ಕಾರ’ ಅಂತ ಬಡಬಡಿಸುತ್ತಾನೆ. ಏಳು ವರ್ಷದ ಮಗಳು ಬೀಗದ ಕಿಂಡಿಯಲ್ಲಿ ಕಿವಿಯಿಟ್ಟು ಕೇಳಿಸಿಕೊಂಡು ಪೊಲೀಸರಿಗೆ ತಿಳಿಸುತ್ತಾಳೆ. ಜೈಲಿನಲ್ಲಿ ಅವನಿಗೆ ಮಗಳ ಮೇಲೆ ಸಿಟ್ಟಿಲ್ಲ, ಹೆಮ್ಮೆ! ಚೆನ್ನಾಗಿ ಬೆಳೆಸಿದ್ದೇನೆ ಅನ್ನುತ್ತಾನೆ. ಬಂಡಾಯ ಎದ್ದವನನ್ನು ಮುರಿಯುವುದಕ್ಕೆ ಇಲಿ ಬೇಕು. ಪಾರ್ಸನ್ಸ್‌ಗೆ ಏನೂ ಬೇಕಿಲ್ಲ.

ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ಎಲ್ಲರೂ ನಮ್ಮ ಹುಡುಗಿಯ ಮುಖ ನೋಡಿದರು.

ಆಮೇಲೆ ವಿಷಯ ಹೊರಬಂತು. ಪ್ರತಿ ರೂಮಿಗೂ ಒಬ್ಬಳು ಲೀಡರ್. ಸ್ಟಡಿ ಅವರ್‌ನಲ್ಲಿ ತೂಕಡಿಸಿದವರ, ಮಾತಾಡಿದವರ ಹೆಸರನ್ನು ಅವಳು ಒಂದು ನೋಟ್‌ಬುಕ್‌ನಲ್ಲಿ ಬರೆದು ಕೊಡಬೇಕು. ಹೆಸರು ಬಂದವರು ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕಾರಿಡಾರಿನಲ್ಲಿ ನಿಂತು ಓದಬೇಕು. ಆರು ಜನರ ಆ ರೂಮಿಗೆ ಲೀಡರ್ ನಮ್ಮವಳೇ. “ಖಾಲಿ ಹಾಳೆ ಕೊಟ್ರೆ ನಂಬಲ್ಲ ಚಿಕ್ಕಮ್ಮ. ನಿನ್ನನ್ನೇ ನಿಲ್ಲಿಸ್ತೀವಿ ಅಂತಾರೆ” ಅಂದಳು.

“ಮತ್ತೆ ಏನ್ ಮಾಡ್ತೀಯ?”

ಅವಳು ಉತ್ತರ ಕೊಡಲಿಲ್ಲ. ಹರಿಹರದ ಹುಡುಗಿ ನನ್ನ ಕಡೆ ಬಗ್ಗಿ, ಕ್ಯಾಮೆರಾಗೆ ಬೆನ್ನು ಮಾಡಿ, ಮೆಲ್ಲಗೆ ಹೇಳಿದಳು. “ಪಾಳಿ ಹಾಕ್ಕೊಂಡಿದೀವಿ ಆಂಟಿ. ದಿನಕ್ಕೊಂದು ಹೆಸರು. ಜ್ವರ ಬಂದವರನ್ನ ಬಿಟ್ಟು. ಇವಳ ಹೆಸರನ್ನೂ ಇವಳೇ ಬರೀತಾಳೆ.”

ಹಾಸ್ಟೆಲ್ ಅಂದರೆ ಸರ್ವಾಧಿಕಾರ ಅಲ್ಲ ಬಿಡಿ. ತಮಗೆ ಇಷ್ಟವಿಲ್ಲದ್ದನ್ನೆಲ್ಲ ‘1984 ಥರ’ ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಇಲ್ಲಿ ಯಾರೂ ಮಾಯವಾಗುವುದಿಲ್ಲ, ಅಪ್ಪ-ಅಮ್ಮ ಬೇಡ ಅಂದರೆ ಟಿಸಿ ತಗೊಂಡು ಬರಬಹುದು. ಆದರೆ ಒಬ್ಬರ ಮೇಲೆ ಒಬ್ಬರಿಂದ ಬರೆಸುವ ಉಪಾಯ ಮಾತ್ರ ಅದೇ. ಆ ಉಪಾಯಕ್ಕೆ ಈ ಆರು ಹುಡುಗಿಯರು ಕೊಟ್ಟ ಉತ್ತರ ನಾನು ಓದಿದ ಯಾವ ಕಾದಂಬರಿಯಲ್ಲೂ ಇಲ್ಲ. ಹೊರಗಿನಿಂದ ನೋಡಿದರೆ ಪೂರ್ತಿ ಶರಣಾಗತಿ. ಹಾಳೆ ತುಂಬಿದೆ, ವಾರ್ಡನ್ ಖುಷಿ, ಕಾರಿಡಾರಿನಲ್ಲಿ ದಿನಾ ಒಬ್ಬಳು ನಿಂತಿರುತ್ತಾಳೆ. ವಿನ್‌ಸ್ಟನ್ ಇಲಿಗಳ ಮುಂದೆ ಕೂಗುವುದು ‘ನನಗೆ ಬೇಡ, ಜೂಲಿಯಾಗೆ ಮಾಡಿ’ ಅಂತ. ಇವರು ನಾಳೆ ನನ್ನದು, ನಾಡಿದ್ದು ನಿನ್ನದು ಅಂತ ಮೊದಲೇ ಹಂಚಿಕೊಂಡಿದ್ದಾರೆ. ಪಾಳಿ ಹಾಕಿಕೊಳ್ಳುವುದಕ್ಕೆ ನಂಬಿಕೆಯ ನಾಲ್ಕು ಜನವಾದರೂ ಬೇಕಲ್ವಾ? ವಿನ್‌ಸ್ಟನ್‌ಗೆ ಇದ್ದವಳು ಜೂಲಿಯಾ ಒಬ್ಬಳೇ. ಸ್ನೇಹಿತ ಅಂದುಕೊಂಡ ಓಬ್ರಿಯನ್ನೇ ಚಿತ್ರಹಿಂಸೆ ಕೊಟ್ಟವನು. ಪಾರ್ಟಿ ಮೊದಲು ತೆಗೆದುಹಾಕಿದ್ದು ಆ ನಾಲ್ಕು ಜನರನ್ನೇ ಅನಿಸಿತು.

ಬೆಲ್ ಆಯಿತು. “ಕೊನೆಗೆ ಅವನು ದೊಡ್ಡಣ್ಣನನ್ನ ಪ್ರೀತಿಸ್ತಾನೆ, ಅಷ್ಟೇ” ಅಂತ ಗಡಿಬಿಡಿಯಲ್ಲಿ ಮುಗಿಸಿದೆ. ಹುಡುಗಿಯರಿಗೆ ಸಿಟ್ಟು ಬಂತು. “ಛೀ, ಇಷ್ಟೊತ್ತು ಕೇಳಿದ್ದು ಇದಕ್ಕಾ? ಮುಂದಿನ ಸಲ ಸೋಲದ ಕಥೆ ಹೇಳಿ ಆಂಟಿ.”

ಊರೊಳಗೆ ಬಂದು ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಅದೇ ಯೋಚನೆ. ರಷ್ಯನ್ ಲೇಖಕ ಜಮ್ಯಾಟಿನ್‌ನ ‘ನಾವು’ ಆಗಲ್ಲ. 1924ರಲ್ಲಿ ಬಂದ ಆ ಪುಸ್ತಕದಲ್ಲಿ ಎಲ್ಲರೂ ಗಾಜಿನ ಮನೆಗಳಲ್ಲೇ ಇರುತ್ತಾರೆ, ಕೊನೆಗೆ ಆಪರೇಷನ್ ಮಾಡಿ ಕಲ್ಪನೆಯನ್ನೇ ಕಿತ್ತುಹಾಕುತ್ತಾರೆ. ಹಕ್ಸ್ಲಿಯ 1932ರ ಕಾದಂಬರಿ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಜನರಿಗೆ ಸೋಮ ಅನ್ನುವ ಗುಳಿಗೆ ಸಾಕು, ಬಂಡಾಯ ಯಾರಿಗೂ ಬೇಕಿಲ್ಲ. ಉಳಿದಿದ್ದು ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’. ಪುಸ್ತಕ ಸುಡುವ ಕಾಲದಲ್ಲಿ ಊರಾಚೆ ಕೆಲವರು ಒಬ್ಬೊಬ್ಬರು ಒಂದೊಂದು ಪುಸ್ತಕ ಬಾಯಿಪಾಠ ಮಾಡಿಕೊಂಡು ಕಾಯುತ್ತಾರೆ. ಗೆದ್ದರು ಅನ್ನಲಾಗದು, ಸೋತರು ಅಂತಲೂ ಅಲ್ಲ. ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿ ಬೆಂಕಿ ಹಚ್ಚುವವರ ಕ್ಯಾಪ್ಟನ್ ಬೀಟಿ ಒಂದು ಮಾತು ಹೇಳುತ್ತಾನೆ. ಇದು ಸರ್ಕಾರದ ಆಜ್ಞೆಯಿಂದ ಶುರುವಾಗಿದ್ದಲ್ಲ, ಜನರಿಂದಲೇ ಶುರುವಾಯಿತು ಅಂತ. ಇದಕ್ಕೆ ಜಗಳೂರಿನ ಹುಡುಗಿ ಏನಂತಾಳೋ ಕೇಳಬೇಕು.